ಅಜ್ಜನ ಡಬ್ಬಿಯ ಬಂದಾ ರೂಪಾಯಿ: ಗ್ರೇಡಿಂಗ್‌ಗೆ ಅಮೆರಿಕಕ್ಕೆ ಕಳಿಸುವುದು ಹೇಗೆ?

ದುರ್ಗದಬೈಲ್ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿ. ಅಜ್ಜನದು ದುರ್ಗದಬೈಲ್ ಹತ್ತಿರ ಕಿರಾಣಿ ಅಂಗಡಿ ಇತ್ತು. ಅಂಗಡಿ ಹೋಯಿತು, ಅಜ್ಜನೂ ಹೋದರು. ಉಳಿದದ್ದು ಒಂದು ತಗಡಿನ ಡಬ್ಬಿ. ಅದರಲ್ಲಿ 34 ನಾಣ್ಯ ಇವೆ. ವಿಕ್ಟೋರಿಯಾ ರಾಣಿಯವು ಎಂಟು (1840 ಮತ್ತು 1862 ಎದ್ದು ಕಾಣುತ್ತವೆ), ಎಡ್ವರ್ಡ್ ಮೂರು, ಐದನೇ ಜಾರ್ಜ್ ಹತ್ತು, ಆರನೇ ಜಾರ್ಜ್ ಒಂಬತ್ತು, ಹುಲಿ ಚಿತ್ರದ 1947ರ ರೂಪಾಯಿ ಮೂರು. ಜೊತೆಗೆ ಸೋದರಮಾವ ಮುಂಬೈಯಲ್ಲಿದ್ದಾಗ ತಂದುಕೊಟ್ಟ 1969ರ ಗಾಂಧೀಜಿ ಹತ್ತು ರೂಪಾಯಿ, ಅದು ಇನ್ನೂ ಪ್ಲಾಸ್ಟಿಕ್ ಪ್ಯಾಕಿನಲ್ಲೇ ಇದೆ.

ಅಮೆರಿಕದ ಕಂಪನಿಗೆ ಕಳಿಸಿದರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂದು ನೋಡಿ ಗ್ರೇಡ್ ಹಾಕಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ ಕೊಡುತ್ತಾರೆ, ಬೆಲೆ ಹತ್ತು ಪಟ್ಟು ಆಗುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಎಲ್ಲ 34 ಕಳಿಸಬೇಕು ಅಂತ ಇದ್ದೇನೆ. ಯಾವ ಕೊರಿಯರ್ ಒಳ್ಳೆಯದು? ಪ್ಯಾಕಿಂಗ್ ಹೇಗೆ? ಖರ್ಚು ಎಷ್ಟು?

ಗ್ರೇಡ್ ಬಗ್ಗೆ ಚಿಂತೆ ಇಲ್ಲ. ಅವ್ವ ಪ್ರತಿ ದೀಪಾವಳಿಗೂ ಲಕ್ಷ್ಮಿ ಪೂಜೆಗೆ ತೊಳೆದು ಇಡುತ್ತಾಳೆ. ಎಲ್ಲವೂ ಹೊಸದರ ಹಾಗೆ ಫಳಫಳ ಹೊಳೆಯುತ್ತವೆ.

ನಯಾಪೈಸೆ 57

ಕೊನೆಯ ಸಾಲು ಓದಿ ಎದೆ ಧಸಕ್ ಎಂದಿತು. ಯಾವುದರಿಂದ ತೊಳೆಯುತ್ತಾರೆ?

ದುರ್ಗದಬೈಲ್ ಮೊಮ್ಮಗ

ಹುಣಸೆಹಣ್ಣು. ಮೊದಲು ಬೂದಿಯಿಂದ ತಿಕ್ಕುತ್ತಿದ್ದಳಂತೆ. ಈಗ ಕೆಲವು ವರ್ಷದಿಂದ ಪೀತಾಂಬರಿ ಪುಡಿ.

ಬ್ಯಾಡಗಿ ಖಾರ

ಅಯ್ಯೋ ಶಿವನೇ 😭

ಲೈನ್‌ಬಜಾರ್ ಫೇಡೆ

ಮೂರನ್ನೂ ಬಿಟ್ಟಿಲ್ಲ!

ನಯಾಪೈಸೆ 57

ತಮ್ಮಾ, ಬೇಜಾರಾಗಬೇಡ. ನೇರವಾಗಿ ಹೇಳುತ್ತೇನೆ, ಎರಡು ಮಾತು.

ಮೊದಲನೆಯದು, ತೊಳೆದ ನಾಣ್ಯ. ಗ್ರೇಡಿಂಗ್‌ನವರು ಹೊಳಪು ನೋಡುತ್ತಾರೆ ನಿಜ. ಆದರೆ ಅವರು ನೋಡುವುದು ಟಂಕಸಾಲೆಯ ಅಚ್ಚಿನಿಂದ ಬಂದ ಹೊಳಪು. ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಆ ಹೊಳಪು ಚಕ್ರದ ಹಾಗೆ ಸುತ್ತುತ್ತದೆ. ಹುಣಸೆಹಣ್ಣಿನ ಹುಳಿ ಮೇಲಿನ ತೆಳು ಪದರವನ್ನು ತಿಂದುಹಾಕುತ್ತದೆ, ಪುಡಿಯಿಂದ ತಿಕ್ಕಿದರೆ ಕೂದಲೆಳೆಯಂಥ ಗೆರೆ ಬೀಳುತ್ತವೆ. ಭೂತಗನ್ನಡಿಯಲ್ಲಿ ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಅಂಥದ್ದಕ್ಕೆ ಅವರು ನಂಬರ್ ಕೊಡುವುದಿಲ್ಲ. 'ಡೀಟೇಲ್ಸ್, ಕ್ಲೀನ್ಡ್' ಎಂದು ಬರೆದು ಕಳಿಸುತ್ತಾರೆ. ಫೀ ಮಾತ್ರ ಪೂರ್ತಿ ತೆಗೆದುಕೊಳ್ಳುತ್ತಾರೆ.

ಎರಡನೆಯದು ಇನ್ನೂ ದೊಡ್ಡದು. ವಿಕ್ಟೋರಿಯಾ, ಎಡ್ವರ್ಡ್ ನಾಣ್ಯಗಳನ್ನು ನೀನು ದೇಶದ ಹೊರಗೆ ಕಳಿಸುವ ಹಾಗೇ ಇಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತು. ಅದನ್ನು ರಫ್ತು ಮಾಡುವ ಹಕ್ಕು ಕೇಂದ್ರ ಸರ್ಕಾರಕ್ಕೆ, ಇಲ್ಲವೇ ಅದು ಒಪ್ಪಿಗೆ ಕೊಟ್ಟ ಸಂಸ್ಥೆಗೆ ಮಾತ್ರ. ತಪ್ಪಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ.

ದುರ್ಗದಬೈಲ್ ಮೊಮ್ಮಗ

ಆದರೆ ನಾನು ಮಾರುತ್ತಿಲ್ಲವಲ್ಲ? ಗ್ರೇಡ್ ಆಗಿ ವಾಪಸ್ ನನ್ನ ಮನೆಗೇ ಬರುತ್ತದೆ.

ನಯಾಪೈಸೆ 57

ಕಾನೂನಿಗೆ ಗಡಿ ದಾಟುವುದೇ ಲೆಕ್ಕ. ವಾಪಸ್ ಬರುತ್ತದೋ ಇಲ್ಲವೋ ಆಮೇಲಿನ ಮಾತು. ಮನೆಯಲ್ಲಿ ಇಟ್ಟುಕೊಳ್ಳಲು ಏನೂ ತೊಂದರೆ ಇಲ್ಲ. ಹೊರಗೆ ಕಳಿಸುವುದೇ ತಪ್ಪು.

ಗೋಕುಲ ರೋಡ್ ಗಿರಾಕಿ

ಸುಮ್ನೆ ಹೆದರಿಸಬೇಡಿ ರೀ. ಎಷ್ಟೋ ಮಂದಿ ಕಳಿಸುತ್ತಾರೆ. 'ಮೆಟಲ್ ಟೋಕನ್' ಎಂದು ಬರೆದು ಹಾಕಿದರೆ ಯಾರು ಬಿಚ್ಚಿ ನೋಡುತ್ತಾರೆ?

ಅಂಚೆಪೆಟ್ಟಿಗೆ

ಗಿರಾಕಿ ಅಣ್ಣಾ, ಎಕ್ಸ್‌ರೇ ನೋಡುತ್ತದೆ. ಗುಂಡಗಿನ 34 ಬಿಲ್ಲೆ ಸಾಲಾಗಿ ಕಂಡರೆ ಬಿಚ್ಚದೆ ಬಿಡುತ್ತಾರಾ? ಸುಳ್ಳು ಬರೆದರೆ ವಿಮೆಯೂ ಸಿಗುವುದಿಲ್ಲ. ಟೋಕನ್ ಎಂದು ಬರೆದು, ಕಳೆದುಹೋದ ಮೇಲೆ 'ಒಳಗೆ 1840ರ ರೂಪಾಯಿ ಇತ್ತು' ಎಂದು ಅರ್ಜಿ ಕೊಡುತ್ತೀರಾ?

ಗೋಕುಲ ರೋಡ್ ಗಿರಾಕಿ

ಹಾಗಾದರೆ ಇಲ್ಲಿ ಮಾರಾಟಕ್ಕಿರುವ ಅಷ್ಟೊಂದು ವಿಕ್ಟೋರಿಯಾ ಸ್ಲ್ಯಾಬ್‌ಗಳು, ಅದೇ ಗ್ರೇಡ್ ಆಗಿ ಪೆಟ್ಟಿಗೆಯಲ್ಲಿ ಸೀಲ್ ಆದ ನಾಣ್ಯಗಳು, ಎಲ್ಲಿಂದ ಬಂದವು? ಆಕಾಶದಿಂದ ಉದುರಿದವಾ?

ನಯಾಪೈಸೆ 57

ಬ್ರಿಟಿಷರ ಕಾಲದಲ್ಲೇ ಇಂಗ್ಲೆಂಡಿಗೆ ಹೋದ ನಮ್ಮ ರೂಪಾಯಿಗಳು ಲೆಕ್ಕವಿಲ್ಲದಷ್ಟು ಇವೆ. ಅವು ಅಲ್ಲೇ ಗ್ರೇಡ್ ಆಗಿ ಆಮೇಲೆ ಇಲ್ಲಿಗೆ ಬರುತ್ತವೆ. ಕಳ್ಳದಾರಿಯಲ್ಲಿ ಹೋಗಿ ಬಂದವೂ ಇರಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಆ ದಾರಿಯನ್ನು ನಾನು ಈ ಹುಡುಗನಿಗೆ ಹೇಳಿಕೊಡುವುದಿಲ್ಲ.

ಗೋಕುಲ ರೋಡ್ ಗಿರಾಕಿ

ಆಯ್ತು ಮಾಸ್ತರ.

ಪತ್ತಾರ ಓಣಿ

ತೊಳೆದದ್ದೇ ವಾಸಿ ರೀ. ನಮ್ಮಲ್ಲಿಗೆ ಬರುವುದನ್ನು ನೋಡಿದರೆ ಅಳು ಬರುತ್ತದೆ. ನಮ್ಮದು ಗದಗದಲ್ಲಿ ಮೂರು ತಲೆಮಾರಿನ ಪತ್ತಾರಿಕೆ. ಹಿಂದೆ ನಮ್ಮ ಕಡೆ ಬಂದಾ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಹಾಕಿಕೊಳ್ಳುವುದು ರೂಢಿ. ಈಗ ಮೊಮ್ಮಕ್ಕಳು ಬಂದು 'ಆ ಕೊಂಡಿ ತೆಗೆದು ಸಾಪಾಟ ಮಾಡಿಕೊಡಿ, ಗ್ರೇಡಿಂಗ್‌ಗೆ ಕಳಿಸಬೇಕು' ಎನ್ನುತ್ತಾರೆ. ಕೊಂಡಿ ತೆಗೆಯಬಹುದು. ಬೆಸುಗೆಯ ಕಲೆ, ಅಂಚಿನ ಹಲ್ಲು ಸವೆದದ್ದು ಎಲ್ಲಿಗೆ ಹೋಗುತ್ತದೆ? ಎಷ್ಟೇ ಪಾಲಿಶ್ ಮಾಡಿದರೂ ಆ ಜಾಗ ಬೇರೆಯೇ ಕಾಣುತ್ತದೆ.

ಹೋದ ವರ್ಷ ಒಬ್ಬ ತಾಯಿ ಹದಿನೈದು ರೂಪಾಯಿಯ ಸರ ತಂದಿದ್ದರು. ಮಗ ಕೊಂಡಿ ಕೀಳಿಸಿ ಮಾರಬೇಕು ಎನ್ನುತ್ತಿದ್ದಾನಂತೆ. ಸರ ಸರವಾಗಿಯೇ ಇರಲಿ ಬಿಡವ್ವ, ಕೊಂಡಿ ಕಿತ್ತ ರೂಪಾಯಿಗೆ ಬೆಳ್ಳಿಯ ತೂಕದ ಬೆಲೆ ಅಷ್ಟೇ ಎಂದು ಹೇಳಿ ಕಳಿಸಿದೆ. ನನಗೆ ಬರಬೇಕಾದ ಕೂಲಿ ಹೋಯಿತು, ಹೋಗಲಿ.

ಬ್ಯಾಡಗಿ ಖಾರ

ನಾನು ಐದನೇ ಕ್ಲಾಸಿನಲ್ಲಿ ಪ್ರದರ್ಶನಕ್ಕೆಂದು ಅಪ್ಪನ ಹನ್ನೆರಡು ನಾಣ್ಯಗಳನ್ನು ಫೆವಿಕ್ವಿಕ್ ಹಾಕಿ ಡ್ರಾಯಿಂಗ್ ಶೀಟಿಗೆ ಅಂಟಿಸಿದ್ದೆ. ಮೊದಲ ಬಹುಮಾನ ಬಂತು. ಮನೆಗೆ ಬಂದ ಮೇಲೆ ಎರಡನೇ ಬಹುಮಾನ ಅಪ್ಪ ಕೊಟ್ಟ.

ಹಾನಗಲ್ ಹುಡುಗಿ

😂😂 ಯಾವ ಗ್ರೇಡ್ ಬಂತು?

ಬ್ಯಾಡಗಿ ಖಾರ

ಬೆನ್ನಿನ ಮೇಲೆ 70ಕ್ಕೆ 70.

ದುರ್ಗದಬೈಲ್ ಮೊಮ್ಮಗ

ಈ 70 ಏನು? ನೂರಕ್ಕೆ ಯಾಕಿಲ್ಲ?

ಹಾನಗಲ್ ಹುಡುಗಿ

ಶೆಲ್ಡನ್ ಎಂಬ ಅಮೆರಿಕದವರು 1949ರಲ್ಲಿ ಅಲ್ಲಿಯ ಹಳೆ ತಾಮ್ರದ ದೊಡ್ಡ ಸೆಂಟ್‌ಗಳಿಗೆ ಮಾಡಿಕೊಂಡ ಲೆಕ್ಕ ಅದು. ಅತಿ ಸವೆದದ್ದು 1. ಅದಕ್ಕಿಂತ ಪರಿಪೂರ್ಣವಾದದ್ದು ಎಪ್ಪತ್ತು ಪಟ್ಟು ಬೆಲೆ ಎಂಬ ಅಂದಾಜಿನಿಂದ 70. ಬೆಲೆಯ ಲೆಕ್ಕ ಎಂದೋ ಕೆಟ್ಟುಹೋಯಿತು, ಅಂಕಿ ಮಾತ್ರ ಉಳಿಯಿತು. 60ರಿಂದ ಮೇಲೆ ಚಲಾವಣೆಗೇ ಹೋಗದ ನಾಣ್ಯ. 50ರಿಂದ 58 ಅಂದರೆ ಸ್ವಲ್ಪವೇ ಕೈ ತಾಗಿದ್ದು. 20ರಿಂದ 35 ಜೇಬಿನಲ್ಲಿ ಚೆನ್ನಾಗಿ ಓಡಾಡಿದ್ದು. ನಿಮ್ಮಜ್ಜನ ಗಲ್ಲೆಯಿಂದ ಬಂದವು ಹೆಚ್ಚಾಗಿ ಇಲ್ಲೇ ಎಲ್ಲೋ ಇರುತ್ತವೆ.

ದೊಡ್ಡ ಕಂಪನಿಗಳು ಎರಡು. ಕ್ಯಾಲಿಫೋರ್ನಿಯಾದ ಪಿಸಿಜಿಎಸ್, ಫ್ಲೋರಿಡಾದ ಎನ್‌ಜಿಸಿ. ಎರಡೂ 1980ರ ದಶಕದಲ್ಲಿ ಶುರುವಾದವು. ನೋಟುಗಳಿಗೆ ಪಿಎಂಜಿ ಅಂತ ಬೇರೆ ಇದೆ.

ದುರ್ಗದಬೈಲ್ ಮೊಮ್ಮಗ

ನಿನ್ನೆ ರಾತ್ರಿ ಎಲ್ಲ ಹರಡಿಕೊಂಡು ಕೂತೆ. ಐದನೇ ಜಾರ್ಜ್‌ನಲ್ಲಿ ಒಂದು 1911 ಇದೆ! ಅದಕ್ಕೆ 'ಹಂದಿ ರೂಪಾಯಿ' ಎನ್ನುತ್ತಾರೆ ಎಂದು ಓದಿದೆ. ನಿಜವಾ?

ನಯಾಪೈಸೆ 57

ನಿಜ. ರಾಜನ ನಿಲುವಂಗಿಯ ಮೇಲೆ ಒಂದು ಪದಕದ ಸರ ಇದೆ, ಅದರಲ್ಲಿ ಪುಟ್ಟ ಆನೆ. ಸೊಂಡಿಲು ಮೊಂಡಾಗಿ ಕೆತ್ತಿದ್ದರಿಂದ ಅದು ಹಂದಿಯ ಹಾಗೆ ಕಂಡಿತು. ಜನ ಸಿಟ್ಟಾದರು, ನಾಣ್ಯ ವಾಪಸ್ ತೆಗೆದುಕೊಂಡರು. 1912ರಿಂದ ಸೊಂಡಿಲು ಉದ್ದವಾಯಿತು. ಹೊರಗೆ ಬಂದದ್ದು ಸ್ವಲ್ಪವೇ ಆದ್ದರಿಂದ 1911ಕ್ಕೆ ಉಳಿದ ವರ್ಷಗಳಿಗಿಂತ ಬೆಲೆ ಜಾಸ್ತಿ. ಜೋಪಾನ. ಆದರೆ ಅದಕ್ಕೂ ನೂರು ದಾಟಿದೆ, ಕಳಿಸುವ ಹಾಗಿಲ್ಲ. ಅಂದಹಾಗೆ ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿಗಳು ಬಹುತೇಕ 1922ರೊಳಗಿನವೇ. ನಿನ್ನ ಹತ್ತಕ್ಕೆ ಹತ್ತೂ ಪಟ್ಟಿಯಿಂದ ಹೊರಗೆ ಅಂದುಕೋ.

ಬ್ಯಾಡಗಿ ಖಾರ

ಹಂದಿಗೂ ಹುಣಸೆಹಣ್ಣಿನ ಸ್ನಾನ ಆಗಿದೆಯಾ?

ದುರ್ಗದಬೈಲ್ ಮೊಮ್ಮಗ

ಆಗಿದೆ 😔 ಸೊಂಡಿಲು ಮೊದಲೇ ಇರಲಿಲ್ಲ, ಈಗ ಆನೆಯೂ ಅರ್ಧ ಇಲ್ಲ.

ಬೆಟಗೇರಿ ಬಿಲ್ಲೆ

ಪ್ಯಾಕಿಂಗ್ ಕೇಳಿದ್ದಿರಿ, ಯಾರೂ ಹೇಳಲೇ ಇಲ್ಲ. ನಾನು ಎರಡು ಸಲ ಕಳಿಸಿದ್ದೇನೆ, ಎರಡೂ ಸಲ ಸ್ವಾತಂತ್ರ್ಯಾನಂತರದ ನಾಣ್ಯ. ಕಂಡದ್ದು ಹೇಳುತ್ತೇನೆ.

ನಾಣ್ಯವನ್ನು ಅಂಚು ಹಿಡಿದೇ ಎತ್ತಬೇಕು. ಬೆರಳಿನ ಗುರುತು ಇವತ್ತು ಕಾಣುವುದಿಲ್ಲ, ಆರು ತಿಂಗಳ ಮೇಲೆ ಕಂದು ಕಲೆಯಾಗಿ ಎದ್ದು ಕೂರುತ್ತದೆ. ಒಂದೊಂದನ್ನೂ ಮೈಲಾರ್ ಫ್ಲಿಪ್‌ನಲ್ಲಿ ಹಾಕಿ. ಎರಡು ಜೇಬಿನ ಪಾರದರ್ಶಕ ಚೀಲ ಅದು. ಒಂದರಲ್ಲಿ ನಾಣ್ಯ, ಇನ್ನೊಂದರಲ್ಲಿ ಚೀಟಿ. ಫಾರ್ಮಿನಲ್ಲಿ ಯಾವ ಸಾಲಿಗೆ ಯಾವ ನಾಣ್ಯ ಬರೆದಿದ್ದೀರೋ ಅದೇ ನಂಬರ್ ಚೀಟಿಯ ಮೇಲೂ ಇರಬೇಕು. ನನ್ನ ಮೊದಲ ಸಲದಲ್ಲಿ ಮೂರು ಮತ್ತು ನಾಲ್ಕು ಅದಲುಬದಲಾಗಿ ಒಂದೂವರೆ ತಿಂಗಳು ಈಮೇಲ್ ಆಟ ನಡೆಯಿತು.

ಮೆತ್ತಗಿನ, ವಾಸನೆ ಬರುವ ಪಿವಿಸಿ ಚೀಲ ಬೇಡವೇ ಬೇಡ. ಫುಟ್‌ಪಾತ್ ಆಲ್ಬಮ್‌ಗಳೆಲ್ಲ ಅದರವೇ. ನಾಲ್ಕು ವರ್ಷ ಒಂದರಲ್ಲಿ ಇಟ್ಟಿದ್ದೆ, ಬಿಚ್ಚಿದರೆ ನಾಣ್ಯದ ಮೇಲೆ ಪಾಚಿ ಕಟ್ಟಿದ ಹಾಗೆ ಹಸಿರು ಅಂಟು. ಅದು ಲೋಹವನ್ನೂ ತಿನ್ನುತ್ತದೆ. ಶುದ್ಧ ಅಸಿಟೋನ್‌ನಲ್ಲಿ ಅದ್ದಿದರೆ ಅಂಟು ಹೋಗುತ್ತದೆ, ಉಜ್ಜಬಾರದು. ಉಗುರುಬಣ್ಣ ತೆಗೆಯುವ ಘಮಘಮ ದ್ರಾವಣ ತಂದು ಹಾಕಬೇಡಿ, ಅದರಲ್ಲಿ ಬೇರೆ ಏನೇನೋ ಇರುತ್ತದೆ.

ಸ್ಟೇಪ್ಲರ್ ಹತ್ತಿರ ಇಡಬೇಡಿ. ಪಿನ್ನು ಕೀಳುವಾಗ ರಾಜನ ಕೆನ್ನೆ ಹರಿಯುತ್ತದೆ.

ಫ್ಲಿಪ್‌ಗಳನ್ನು ಸಣ್ಣ ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿ. ಖಾಲಿ ಜಾಗಕ್ಕೆ ಸ್ಪಂಜು ತುಂಬಿ. ಆ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯಲ್ಲಿ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಖಣಖಣ ಎಂದರೆ ಮತ್ತೆ ಬಿಚ್ಚಿ ತುಂಬಬೇಕು. ಸದ್ದು ಬರುವ ಡಬ್ಬಿ ಕಳ್ಳನಿಗೆ ಬರೆದ ಆಮಂತ್ರಣ. ಹೊರಗೆ ಕಸ್ಟಮ್ಸ್ ಚೀಟಿಯಲ್ಲಿ ನಿಜ ಬರೆಯಲೇಬೇಕು, ಆದರೆ ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಹಳೆ ನಾಣ್ಯ, ಎಚ್ಚರಿಕೆ' ಎಂದು ಬರೆದು ಮೆರೆಯಬೇಡಿ.

ಸೀಲ್ ಮಾಡುವ ಮೊದಲು ಎರಡೂ ಮುಖದ ಫೋಟೋ, ತೂಕ, ಎಲ್ಲ ದಾಖಲೆ ಮಾಡಿಟ್ಟುಕೊಳ್ಳಿ.

ಅಂಚೆಪೆಟ್ಟಿಗೆ

ಚೆನ್ನಾಗಿ ಹೇಳಿದಿರಿ. ಕೊರಿಯರ್ ಬಗ್ಗೆ ನಾನು ಸೇರಿಸುತ್ತೇನೆ. ಖಾಸಗಿ ಕೊರಿಯರ್‌ಗಳ ನಿಷೇಧದ ಪಟ್ಟಿಯಲ್ಲಿ ನಗದು, ಚಿನ್ನ ಬೆಳ್ಳಿ ಗಟ್ಟಿ, ನಾಣ್ಯ ಇವೆಲ್ಲ ಸಾಮಾನ್ಯವಾಗಿ ಇರುತ್ತವೆ. ಕೌಂಟರ್ ಹುಡುಗ ಗೊತ್ತಿಲ್ಲದೆ ತೆಗೆದುಕೊಳ್ಳಬಹುದು. ಕಳೆದರೆ ಮಾತ್ರ ಕಂಪನಿ ಅದೇ ಪಟ್ಟಿ ತೋರಿಸಿ ಕೈ ಎತ್ತುತ್ತದೆ. ದೇಶದೊಳಗೆ ಡೀಲರ್‌ಗೆ ಕಳಿಸುವುದಾದರೆ ಅಂಚೆಯಲ್ಲಿ ವಿಮೆ ಮಾಡಿಸಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ ಎಂದು ಕೇಳಬೇಡಿ, 2025ರಲ್ಲಿ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ.

ಹೆಸರು ಬೇಡ

ಹಾವೇರಿಯಿಂದ. ನನ್ನ ಕಥೆ ಕೇಳಿ. 1970ರ ದಶಕದ ನಾಲ್ಕು ನಾಣ್ಯ ನೇರವಾಗಿ ಕಳಿಸಿದ್ದೆ. ಹೋಗುವಾಗ ಏನೂ ತೊಂದರೆ ಇಲ್ಲ. ಬರುವಾಗ ಕಸ್ಟಮ್ಸ್‌ನಲ್ಲಿ ನಿಂತಿತು. 'ವಿದೇಶದಿಂದ ಮಾಲು ತರಿಸಿದ್ದೀರಿ, ಸುಂಕ ಕಟ್ಟಿ' ಎಂದರು. ಅದು ನನ್ನದೇ ಮಾಲು, ರಿಪೇರಿಗೆ ಹೋದ ವಾಚಿನ ಹಾಗೆ ಹೋಗಿ ಬಂದದ್ದು ಎಂದು ನಂಬಿಸಲು ಮೂರು ವಾರ ಬೇಕಾಯಿತು. ಕಳಿಸಿದಾಗಿನ ರಸೀದಿ, ಘೋಷಣೆ ಚೀಟಿ, ಫೋಟೋ ಇತ್ತೆಂದು ಬಚಾವ್. ಒಂದು ಕಾಗದವನ್ನೂ ಎಸೆಯಬೇಡಿ.

ಲೈನ್‌ಬಜಾರ್ ಫೇಡೆ

ಗ್ರೇಡ್ ಎಷ್ಟು ಬಂತು?

ಹೆಸರು ಬೇಡ

ಅದನ್ನು ಕೇಳಬೇಡಿ ಎಂದೇ ಹೆಸರು ಹಾಕಿಲ್ಲ.

ಗೋಕುಲ ರೋಡ್ ಗಿರಾಕಿ

ಇಷ್ಟೆಲ್ಲ ಯಾಕೆ? ನನ್ನ ಹತ್ತಿರ 2012ರ ವೈಷ್ಣೋದೇವಿ ಐದು ರೂಪಾಯಿ ಇದೆ. ಹತ್ತು ಲಕ್ಷಕ್ಕೆ ಕೊಳ್ಳುತ್ತೇವೆ ಎಂದು ಫೋನ್ ಬಂದಿತ್ತು. 'ನೋಂದಣಿ ಶುಲ್ಕ' 2,500 ಕಳಿಸಿ ಎಂದರು.

ಹಾನಗಲ್ ಹುಡುಗಿ

ಕಳಿಸಿದಿರಾ?

ಗೋಕುಲ ರೋಡ್ ಗಿರಾಕಿ

...

ಹಾನಗಲ್ ಹುಡುಗಿ

ಅಣ್ಣಾ!! ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹಳೆ ನಾಣ್ಯ, ನೋಟಿನ ವ್ಯವಹಾರಕ್ಕೆ ತಮ್ಮ ಹೆಸರಿನಲ್ಲಿ ಶುಲ್ಕ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು. ಆ ಐದು ರೂಪಾಯಿಗೆ ಎರಡು ಕಪ್ ಚಹಾ ಕೂಡ ಬರುವುದಿಲ್ಲ.

ನಯಾಪೈಸೆ 57

ಮಾಸ್ತರನ ಮಾತು ಕೇಳದವರಿಗೆ 2,500 ಟ್ಯೂಷನ್ ಫೀ.

ಲೈನ್‌ಬಜಾರ್ ಫೇಡೆ

ವಿಷಯ ಬಿಟ್ಟು ಒಂದು ಪ್ರಶ್ನೆ. ಲಕ್ಕುಂಡಿ ಕಡೆ ನಮ್ಮ ನೆಂಟರ ಹೊಲವಿದೆ. ನೇಗಿಲಿಗೆ ಹಳೆ ನಾಣ್ಯ ಸಿಕ್ಕರೆ ಹೀಗೇ ಗ್ರೇಡ್ ಮಾಡಿಸಬಹುದಾ?

ನಯಾಪೈಸೆ 57

ಸಿಕ್ಕಿದೆಯೋ, ಸಿಕ್ಕರೆ ಎಂದೋ? ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಸರ್ಕಾರಕ್ಕೆ ತಿಳಿಸಲೇಬೇಕು. 1878ರ ನಿಧಿ ಕಾಯ್ದೆ. ಹತ್ತು ರೂಪಾಯಿ ಆಗಿನ ಲೆಕ್ಕ, ಕಾಯ್ದೆ ಮಾತ್ರ ಇನ್ನೂ ಜೀವಂತ. ಲಕ್ಕುಂಡಿ ಅಂದರೆ ಚಾಲುಕ್ಯರ ಕಾಲದ ಲೊಕ್ಕಿಗುಂಡಿ, ಟಂಕಸಾಲೆ ಇದ್ದ ಊರು. ಅಲ್ಲಿಯ ನೆಲದಿಂದ ಬಂದದ್ದು ಒಂದು ನಾಣ್ಯವಾದರೂ ಅದು ಇತಿಹಾಸದ ಕಾಗದ. ಧಾರವಾಡದಲ್ಲೇ ಪುರಾತತ್ವ ಸರ್ವೇಕ್ಷಣದ ವಲಯ ಕಚೇರಿ ಇದೆ, ನಿಮ್ಮ ಫೇಡೆ ಅಂಗಡಿಯಿಂದ ದೂರವೇನಲ್ಲ.

ಲೈನ್‌ಬಜಾರ್ ಫೇಡೆ

ಸಿಕ್ಕರೆ ಎಂದೆ ರೀ, ಸಿಕ್ಕರೆ!

ದುರ್ಗದಬೈಲ್ ಮೊಮ್ಮಗ

ಎಲ್ಲರೂ ಕೂತಿದ್ದೀರಾ? 34ರಲ್ಲಿ ಮೂರು ನಾಣ್ಯ ಗದಗದಲ್ಲಿ ಅಕ್ಕನ ಹತ್ತಿರ ಇದ್ದವು. ಫೋನಿನಲ್ಲಿ ಇಸವಿ ಓದಿಸಿದೆ. ಒಂದು 1939! ಆರನೇ ಜಾರ್ಜ್ 1939ರ ರೂಪಾಯಿ ಅಂದರೆ ಲಕ್ಷಗಟ್ಟಲೆ ಅಲ್ವಾ? ನೂರು ವರ್ಷವೂ ಆಗಿಲ್ಲ!

ಬ್ಯಾಡಗಿ ಖಾರ

ಪಾರ್ಟಿ ಪಾರ್ಟಿ!

ಬೆಟಗೇರಿ ಬಿಲ್ಲೆ

ನಿಧಾನ. 1939ರ ರೂಪಾಯಿ ಬಹಳ ಅಪರೂಪ, ಅದಕ್ಕೇ ನಕಲಿಯೂ ಜಾಸ್ತಿ. ಅಕ್ಕನಿಗೆ ಹೇಳಿ ತೂಗಿಸಿ. ರೂಪಾಯಿ ಆದರೆ 11.66 ಗ್ರಾಂ, ಅಗಲ 30.5 ಮಿಲಿಮೀಟರ್ ಇರಬೇಕು.

ಪತ್ತಾರ ಓಣಿ

ಅಕ್ಕ ಗದಗದಲ್ಲಿದ್ದರೆ ನನ್ನ ಅಂಗಡಿಗೆ ಬರಲಿ, ತಕ್ಕಡಿ ಇಲ್ಲೇ ಇದೆ. ಚಹಾ ಕೂಡ.

ದುರ್ಗದಬೈಲ್ ಮೊಮ್ಮಗ

ತೂಗಿಸಿದೆವು. 5.8 ಗ್ರಾಂ. ಅರ್ಧ ತೂಕ ಯಾಕೆ? ನಕಲಿಯಾ?

ಬೆಟಗೇರಿ ಬಿಲ್ಲೆ

ಹಿಂದೆ ತಿರುಗಿಸಿ ಓದಲು ಹೇಳಿ. 'ಹಾಫ್ ರುಪೀ' ಎಂದು ಇರುತ್ತದೆ.

ದುರ್ಗದಬೈಲ್ ಮೊಮ್ಮಗ

ಇದೆ.

ಬ್ಯಾಡಗಿ ಖಾರ

ಪಾರ್ಟಿ ಎಂಟಾಣೆಗೆ ಇಳಿಯಿತು.

ಬೆಟಗೇರಿ ಬಿಲ್ಲೆ

ನಕಲಿಯಲ್ಲ, ಒಳ್ಳೆಯ ಎಂಟಾಣೆ. ಆದರೆ 1939ರ ಎಂಟಾಣೆ ಧಾರಾಳವಾಗಿ ಸಿಗುತ್ತದೆ. ಒಂದು ಸಮಾಧಾನ: ಅದರಲ್ಲಿ ಬೆಳ್ಳಿ 91.7 ಶೇಕಡಾ ಇದೆ. 1940ರಿಂದ ಯುದ್ಧದ ಕಾಲಕ್ಕೆ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರಾ ನಿಕ್ಕಲ್.

ದುರ್ಗದಬೈಲ್ ಮೊಮ್ಮಗ

ಸರಿ. ಹಾಗಾದರೆ 34ರಲ್ಲಿ ಕಳಿಸಲು ಏನು ಉಳಿಯಿತು ಹೇಳಿಬಿಡಿ.

ನಯಾಪೈಸೆ 57

21 ಕಾನೂನಿಗೆ ಹೋದವು. ಆರನೇ ಜಾರ್ಜ್ ಮತ್ತು ಹುಲಿ ಸೇರಿ 12 ಹುಣಸೆಹಣ್ಣಿಗೆ ಹೋದವು. ಉಳಿದದ್ದು ಗಾಂಧೀಜಿ ಒಬ್ಬರೇ.

ಅದನ್ನು ಬೇಕಾದರೆ ಮಾಡಿಸು. 15 ಗ್ರಾಂ, 80 ಶೇಕಡಾ ಬೆಳ್ಳಿ, ಪ್ಯಾಕ್ ಒಡೆದಿಲ್ಲ. ನೇರವಾಗಿ ಕಳಿಸಬೇಡ. ನಮ್ಮ ದೇಶದಲ್ಲೇ ಈ ಕಂಪನಿಗಳ ಅಧಿಕೃತ ಡೀಲರ್‌ಗಳು ಇದ್ದಾರೆ, ನಾಣ್ಯ ಮೇಳಗಳಿಗೂ ಬರುತ್ತಾರೆ. ಹತ್ತಾರು ಜನರದ್ದು ಒಟ್ಟುಮಾಡಿ ಕಳಿಸುತ್ತಾರೆ, ಕಸ್ಟಮ್ಸ್ ತಲೆನೋವು ಅವರದು. ಡೀಲರ್‌ನ ಹೆಸರು ಕಂಪನಿಯ ವೆಬ್‌ಸೈಟ್‌ನಲ್ಲಿ ಇದೆಯೇ ಎಂದು ನೋಡಿಯೇ ಕೊಡು. ತಿಂಗಳುಗಟ್ಟಲೆ ಕಾಯಬೇಕು. ಫೀ ಡಾಲರ್ ಲೆಕ್ಕ, ನೀನು ಹೇಳಿದ ಬೆಲೆಯ ಮೇಲೆ ದರ ಬದಲಾಗುತ್ತದೆ. ಅದರ ಮೇಲೆ ಸಾಗಣೆ, ವಿಮೆ, ಡೀಲರ್ ಕಮಿಷನ್. ಕೂಡಿಸಿದರೆ ಒಂದು ನಾಣ್ಯಕ್ಕೆ ಸಾವಿರಗಳ ಮಾತು. 68, 69 ಬಂದರೆ ಸರಿ. ಕಡಿಮೆ ಬಂದರೆ ನಾಣ್ಯಕ್ಕಿಂತ ಪೆಟ್ಟಿಗೆಗೇ ಜಾಸ್ತಿ ಕೊಟ್ಟ ಹಾಗೆ.

ಹಂದಿ ರೂಪಾಯಿಯನ್ನು ಇಲ್ಲಿಯೇ ಒಬ್ಬ ಬಲ್ಲವರಿಗೆ ತೋರಿಸು. ತೊಳೆದದ್ದಾದರೂ ಅದಕ್ಕೆ ಗಿರಾಕಿ ಇದ್ದಾರೆ.

ಗೋಕುಲ ರೋಡ್ ಗಿರಾಕಿ

ನನ್ನನ್ನು ಕರೆದಿರಾ?

ನಯಾಪೈಸೆ 57

ಇಲ್ಲ.

ಹಾನಗಲ್ ಹುಡುಗಿ

ಮೊಮ್ಮಗ ಅವರೇ, ಅವ್ವನಿಗೆ ಏನಾದರೂ ಹೇಳಿದಿರಾ? ಬೈಯಬೇಡಿ ಮತ್ತೆ. ಅವರು ತೊಳೆದದ್ದು ದೇವರ ಮುಂದಿಡಲು, ಮಾರಲು ಅಲ್ಲ.

ದುರ್ಗದಬೈಲ್ ಮೊಮ್ಮಗ

ಬೈಯಲು ಧೈರ್ಯ ಎಲ್ಲಿದೆ ರೀ. ಎಲ್ಲ ಓದಿ ಹೇಳಿದೆ. 'ನಲವತ್ತು ವರ್ಷ ಲಕ್ಷ್ಮಿಯನ್ನು ಕೊಳೆಯಲ್ಲೇ ಕೂರಿಸಬೇಕಿತ್ತೇನು?' ಎಂದಳು. ಗಾಂಧೀಜಿಯನ್ನು ಮಾತ್ರ ಯಾಕೆ ತೊಳೆಯಲಿಲ್ಲ ಎಂದು ಕೇಳಿದೆ. 'ಅದು ಪ್ಲಾಸ್ಟಿಕ್‌ನಲ್ಲಿ ಇತ್ತಲ್ಲೋ, ನೀರು ಒಳಗೆ ಹೋಗುತ್ತಿರಲಿಲ್ಲ.'

ಅದನ್ನೇ ಅಮೆರಿಕಕ್ಕೆ ಕಳಿಸುತ್ತೇವೆ ಅವ್ವ ಎಂದೆ. ಅಲ್ಲಿ ಏನು ಮಾಡುತ್ತಾರೆ ಎಂದಳು. ಪ್ಲಾಸ್ಟಿಕ್‌ನಲ್ಲಿ ಹಾಕಿ ಕೊಡುತ್ತಾರೆ ಎಂದೆ.

ಆಗಿನಿಂದ ನನ್ನ ಮುಖ ನೋಡಿದಾಗಲೆಲ್ಲ ನಗುತ್ತಿದ್ದಾಳೆ.